ದೀರ್ಘ ಹೊತ್ತಿನ ನಡಿಗೆ, ಓಟವೋ ಅಥವಾ ಕೆಲವೇ ನಿಮಿಷಗಳ ತೀವ್ರ ವ್ಯಾಯಾಮವೋ: ಆರೋಗ್ಯಕ್ಕೆ ಯಾವುದು ಹೆಚ್ಚು ಹಿತ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ವಯಸ್ಸು ನಲವತ್ತಾರು. ಹಗಲಿನ ಬಹುಪಾಲನ್ನು ಕುರ್ಚಿಯಲ್ಲೇ ಕಳೆಯುವ ಉದ್ಯೋಗ. ಕೆಲವು ವರ್ಷಗಳಿಂದ ಬೆಳಿಗ್ಗೆ ಮುಕ್ಕಾಲು ಗಂಟೆ ಬಿರುಸಾಗಿ ನಡೆಯುವುದನ್ನು ರೂಢಿಸಿಕೊಂಡಿದ್ದೇನೆ, ನಡುನಡುವೆ ನಿಧಾನವಾಗಿ ಓಡುವುದೂ ಉಂಟು. ಇದರಿಂದ ನಿದ್ರೆ ಸುಧಾರಿಸಿದೆ, ಮೈ ಹಗುರವಾಗಿದೆ. ಆದರೆ ನನ್ನ ಸಹೋದ್ಯೋಗಿಯೊಬ್ಬರು, ಅಷ್ಟು ಹೊತ್ತು ನಡೆಯುವುದು ಹಳೆಯ ಪದ್ಧತಿ, ವಾರಕ್ಕೆ ಮೂರು ದಿನ ಹತ್ತು ಹತ್ತು ನಿಮಿಷ ಮೈಮುರಿದು ಇಂಟರ್ವಲ್ ವ್ಯಾಯಾಮ (ಸ್ವಲ್ಪ ಹೊತ್ತು ತೀವ್ರ ಶ್ರಮ, ಸ್ವಲ್ಪ ಹೊತ್ತು ವಿರಾಮ ಎಂಬ ಸುತ್ತುಗಳು) ಮಾಡಿದರೆ ಅಷ್ಟೇ ಫಲ, ಬಹುಶಃ ಅದಕ್ಕಿಂತ ಹೆಚ್ಚಿನ ಫಲವೇ ಸಿಗುತ್ತದೆ ಎಂದು ಬಹಳ ಖಚಿತವಾಗಿ ಹೇಳುತ್ತಿದ್ದಾರೆ. ಮನೆಯಲ್ಲಿ ಹಿರಿಯರು ಇದಕ್ಕೆ ತೀರಾ ವಿರುದ್ಧವಾದ ಮಾತನ್ನಾಡುತ್ತಾರೆ. ಈ ವಯಸ್ಸಿನಲ್ಲಿ ಏದುಸಿರು ಬರುವಂತೆ ಓಡಿದರೆ ಹೃದಯಕ್ಕೆ ಅಪಾಯ ಎನ್ನುವುದು ಅವರ ಆತಂಕ.

ನನ್ನ ರಕ್ತದೊತ್ತಡ ಗಡಿಯಂಚಿನಲ್ಲಿದೆ, ಔಷಧ ಇನ್ನೂ ಆರಂಭವಾಗಿಲ್ಲ. ತೂಕವೂ ಸ್ವಲ್ಪ ಹೆಚ್ಚೇ. ತೀವ್ರ ವ್ಯಾಯಾಮವು ದೀರ್ಘ ನಡಿಗೆಯ ಸ್ಥಾನವನ್ನು ನಿಜವಾಗಿಯೂ ತುಂಬಬಲ್ಲುದೇ, ಮತ್ತು ನನ್ನಂಥವರು ಅದನ್ನು ಕೈಗೊಳ್ಳುವುದು ಸುರಕ್ಷಿತವೇ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ. ಅಭಿಪ್ರಾಯದ ಜೊತೆಗೆ ಆಧಾರವನ್ನೂ ಹೇಳಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ನಮಸ್ಕಾರ. ನಾನು ವ್ಯಾಯಾಮದ ಶರೀರಶಾಸ್ತ್ರವನ್ನು ಓದಿದವನು, ಆದ್ದರಿಂದ ಆಧಾರದಿಂದಲೇ ಆರಂಭಿಸುತ್ತೇನೆ. ನಿಮ್ಮ ಸಹೋದ್ಯೋಗಿಯ ಮಾತಿನಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ. ಆದರೆ ಆ ಮಾತು ಯಾವ ಅಧ್ಯಯನಗಳಿಂದ ಹೊರಟಿದೆಯೋ ಅವು ಏನನ್ನು ಅಳೆದವು ಎಂಬುದನ್ನು ತಿಳಿಯದೆ ಅದನ್ನು ಒಪ್ಪುವಂತೆಯೂ ಇಲ್ಲ.

ಈ ಚರ್ಚೆಯಲ್ಲಿ ಎಲ್ಲರೂ ಮುಂದಿಡುವ ಅಳತೆ ವಿಓ2 ಮ್ಯಾಕ್ಸ್. ನಾವು ಶಕ್ತಿಮೀರಿ ಶ್ರಮಿಸುತ್ತಿರುವಾಗ ದೇಹವು ಒಂದು ನಿಮಿಷದಲ್ಲಿ ಗರಿಷ್ಠ ಎಷ್ಟು ಆಮ್ಲಜನಕವನ್ನು ಬಳಸಿಕೊಳ್ಳಬಲ್ಲುದು ಎಂಬುದನ್ನು ಅದು ಸೂಚಿಸುತ್ತದೆ. ಹೃದಯ ಪ್ರತಿ ಬಡಿತಕ್ಕೆ ಎಷ್ಟು ರಕ್ತವನ್ನು ಹೊರದೂಡುತ್ತದೆ, ಸ್ನಾಯುಗಳು ಆ ರಕ್ತದಿಂದ ಎಷ್ಟು ಆಮ್ಲಜನಕವನ್ನು ಹೀರಿಕೊಳ್ಳುತ್ತವೆ ಎಂಬ ಎರಡೂ ಅದರಲ್ಲಿ ಅಡಕವಾಗಿವೆ. 2018ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸಂಶೋಧಕರು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಂಡಿದ್ದ 1,22,007 ಮಂದಿಯ ದಾಖಲೆಗಳನ್ನು ಪರಿಶೀಲಿಸಿದಾಗ, ಈ ಸಾಮರ್ಥ್ಯ ಹೆಚ್ಚಿದ್ದಷ್ಟೂ ಸಾವಿನ ಪ್ರಮಾಣ ಕಡಿಮೆಯಾಗುತ್ತಾ ಹೋಗಿದ್ದು ಕಂಡುಬಂತು. ಆದ್ದರಿಂದ ಅದನ್ನು ಹೆಚ್ಚಿಸಿಕೊಳ್ಳುವ ಆಸೆ ಸಕಾರಣವಾದದ್ದೇ.

ಈಗ ಪ್ರಸಿದ್ಧವಾದ ಪ್ರಯೋಗಕ್ಕೆ ಬರೋಣ. ಜಪಾನಿನ ಇಜುಮಿ ತಬಾಟಾ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ತಂಡವು ವಾರಕ್ಕೆ ಐದು ದಿನ ಒಂದು ಗಂಟೆ ಮಧ್ಯಮ ವೇಗದಲ್ಲಿ ಸೈಕಲ್ ತುಳಿಯಿತು. ಇನ್ನೊಂದು ತಂಡವು ಇಪ್ಪತ್ತು ಸೆಕೆಂಡು ಅತಿ ತೀವ್ರವಾಗಿ ತುಳಿದು ಹತ್ತು ಸೆಕೆಂಡು ವಿರಮಿಸುವ ಕ್ರಮವನ್ನು ಏಳೆಂಟು ಬಾರಿ ಅನುಸರಿಸಿತು. ಆರು ವಾರಗಳ ಬಳಿಕ ಮೊದಲ ತಂಡದ ವಿಓ2 ಮ್ಯಾಕ್ಸ್ ದೇಹತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ ಸುಮಾರು 5 ಮಿಲಿಲೀಟರ್‌ನಷ್ಟು, ಎರಡನೆಯದರದ್ದು 7 ಮಿಲಿಲೀಟರ್‌ನಷ್ಟು ಏರಿತು. ಆಮ್ಲಜನಕದ ನೆರವಿಲ್ಲದೆ ಶಕ್ತಿ ಒದಗಿಸುವ ಸಾಮರ್ಥ್ಯ ಎರಡನೆಯ ತಂಡದಲ್ಲಿ ಮಾತ್ರ 28 ಪ್ರತಿಶತ ಹೆಚ್ಚಿತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಪ್ರತಿ ತಂಡದಲ್ಲಿ ಇದ್ದವರು ಏಳೇ ಮಂದಿ, ಅವರು ದೈಹಿಕ ಶಿಕ್ಷಣ ಕಲಿಯುತ್ತಿದ್ದ ತರುಣರು, ಮೊದಲ ತಂಡದ ಆರಂಭದ ಮಟ್ಟವೇ ಎರಡನೆಯದಕ್ಕಿಂತ ಮೇಲಿತ್ತು ಮತ್ತು ಎರಡನೆಯ ತಂಡವೂ ವಾರದಲ್ಲಿ ಒಂದು ದಿನ ಅರ್ಧ ಗಂಟೆ ಮಧ್ಯಮ ವೇಗದಲ್ಲಿ ತುಳಿಯುತ್ತಿತ್ತು ಎಂಬುದನ್ನು ಮಾತ್ರ ಬಹಳಷ್ಟು ಜನ ಹೇಳುವುದಿಲ್ಲ.

ನಿಮ್ಮ ಪರಿಸ್ಥಿತಿಗೆ ಇನ್ನೂ ಹತ್ತಿರವಾದದ್ದು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗಿಬಾಲಾ ಅವರ ತಂಡ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ. ವ್ಯಾಯಾಮದ ರೂಢಿಯಿಲ್ಲದ ಪುರುಷರಲ್ಲಿ ಒಂದು ಗುಂಪು ಹತ್ತು ನಿಮಿಷಗಳ ಅವಧಿಯಲ್ಲಿ ಇಪ್ಪತ್ತು ಸೆಕೆಂಡುಗಳ ಮೂರು ಪೂರ್ಣಶಕ್ತಿಯ ಸುತ್ತುಗಳನ್ನು, ಮತ್ತೊಂದು ಗುಂಪು ನಲವತ್ತೈದು ನಿಮಿಷಗಳ ಮಧ್ಯಮ ವ್ಯಾಯಾಮವನ್ನು ವಾರಕ್ಕೆ ಮೂರು ಬಾರಿಯಂತೆ ಹನ್ನೆರಡು ವಾರ ಮಾಡಿತು. ಎರಡೂ ಗುಂಪುಗಳಲ್ಲಿ ವಿಓ2 ಸಾಮರ್ಥ್ಯ ಸುಮಾರು 19 ಪ್ರತಿಶತ ಏರಿತು, ಇನ್ಸುಲಿನ್‌ಗೆ ದೇಹ ಸ್ಪಂದಿಸುವ ರೀತಿಯೂ ಸುಧಾರಿಸಿತು. ನಿಮ್ಮ ಸಹೋದ್ಯೋಗಿ ಹೇಳುವ ಹತ್ತು ನಿಮಿಷದ ಮೂಲ ಬಹುಶಃ ಇದೇ. ಇದರಲ್ಲಿ ಭಾಗವಹಿಸಿದವರೂ ಮೂವತ್ತಕ್ಕಿಂತ ಕಡಿಮೆ.

ಆದ್ದರಿಂದ ನನ್ನ ಉತ್ತರ ಹೀಗಿದೆ: ಸಮಯ ಇಲ್ಲದವರಿಗೆ, ಏನನ್ನೂ ಮಾಡದಿರುವುದಕ್ಕೆ ಬದಲಾಗಿ, ತೀವ್ರ ವ್ಯಾಯಾಮವು ಹೃದಯ ಮತ್ತು ಶ್ವಾಸಕೋಶಗಳ ಸಾಮರ್ಥ್ಯವನ್ನು ಹೆಚ್ಚಿಸುವ ಅತ್ಯಂತ ಮಿತವ್ಯಯದ ಮಾರ್ಗ. ಮುಕ್ಕಾಲು ಗಂಟೆ ನಡೆಯಲು ಸಮಯವಿರುವ, ಅದನ್ನು ಪ್ರೀತಿಯಿಂದ ಮಾಡುತ್ತಿರುವ ವ್ಯಕ್ತಿಗೆ ಅದನ್ನು ಬಿಡು ಎಂದು ಹೇಳಲು ಈ ಅಧ್ಯಯನಗಳು ಆಧಾರವಾಗುವುದಿಲ್ಲ.

ಎರಡನೆಯ ಉತ್ತರ

ಮೇಲಿನ ಉತ್ತರ ಬಹಳ ಸಮತೋಲನದ್ದು. ಆದರೂ ದೂರದ ಓಟವನ್ನು ಬಹುಕಾಲದಿಂದ ರೂಢಿಸಿಕೊಂಡವಳಾಗಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತನಾಡಬಯಸುತ್ತೇನೆ. ಆರೋಗ್ಯವನ್ನು ಒಂದೇ ಅಳತೆಗೆ ಇಳಿಸಿ, ಆ ಅಳತೆ ಸಮನಾಯಿತೆಂದು ಎರಡು ವ್ಯಾಯಾಮಗಳೂ ಸಮ ಎಂದು ತೀರ್ಮಾನಿಸುವುದು ಈ ಚರ್ಚೆಯಲ್ಲಿ ಮತ್ತೆ ಮತ್ತೆ ನಡೆಯುವ ಅನ್ಯಾಯ. ದೀರ್ಘ ಹೊತ್ತು ಮಧ್ಯಮ ಗತಿಯಲ್ಲಿ ಚಲಿಸುವಾಗ ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ, ರಕ್ತದ ದ್ರವಭಾಗ ವೃದ್ಧಿಸುತ್ತದೆ, ಕೊಬ್ಬನ್ನು ಇಂಧನವಾಗಿ ಬಳಸುವ ಸಾಮರ್ಥ್ಯ ಬೆಳೆಯುತ್ತದೆ, ಮತ್ತು ಅಷ್ಟು ಹೊತ್ತು ಖರ್ಚಾಗುವ ಶಕ್ತಿಯೂ ಸಣ್ಣ ಮೊತ್ತವಲ್ಲ. ಅಧಿಕ ರಕ್ತದೊತ್ತಡ ಇರುವವರಲ್ಲಿ ನಡಿಗೆ, ಓಟದಂತಹ ನಿಯಮಿತ ಏರೋಬಿಕ್ ವ್ಯಾಯಾಮವು ರಕ್ತದೊತ್ತಡದ ಮೇಲಿನ ಅಂಕಿಯನ್ನು ಸಾಮಾನ್ಯವಾಗಿ 5ರಿಂದ 8 ಮಿಲಿಮೀಟರ್ (ಪಾದರಸ)ನಷ್ಟು ಇಳಿಸುತ್ತದೆ. ಗಡಿಯಂಚಿನಲ್ಲಿ ನಿಂತಿರುವ ನಿಮಗೆ ಅದು ಔಷಧದ ಈಚೆ ಉಳಿಯುವುದಕ್ಕೂ ಆಚೆ ಹೋಗುವುದಕ್ಕೂ ಇರುವ ಅಂತರವಾಗಬಹುದು.

ವ್ಯಾಯಾಮಕ್ಕೂ ಹೃದ್ರೋಗಕ್ಕೂ ಇರುವ ನಂಟನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ತೋರಿಸಿದ್ದು ಕೂಡ ಯಾವ ತೀವ್ರ ವ್ಯಾಯಾಮವೂ ಅಲ್ಲ. 1953ರಲ್ಲಿ ಜೆರೆಮಿ ಮಾರಿಸ್ ಅವರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಅಧ್ಯಯನ ಮಾಡಿದರು. ದಿನವಿಡೀ ಕುಳಿತಿರುವ ಚಾಲಕರಿಗಿಂತ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಿತ್ತು. ಚಾಲಕರು ಕೆಲಸಕ್ಕೆ ಸೇರುವಾಗಲೇ ದೊಡ್ಡ ಸೊಂಟದಳತೆಯ ಸಮವಸ್ತ್ರ ಪಡೆಯುತ್ತಿದ್ದರೆಂದು ಅದೇ ಮಾರಿಸ್ ಕೆಲವು ವರ್ಷಗಳ ನಂತರ ಪ್ರಾಮಾಣಿಕವಾಗಿ ವರದಿ ಮಾಡಿದರು, ಅಂದರೆ ವ್ಯತ್ಯಾಸವೆಲ್ಲವೂ ಮೆಟ್ಟಿಲುಗಳಿಂದಲೇ ಬಂದದ್ದಲ್ಲ. ಮುಂದೆ ಬ್ರಿಟನ್ನಿನ ಸರ್ಕಾರಿ ನೌಕರರನ್ನು ಅಧ್ಯಯನ ಮಾಡಿದಾಗ ಹುರುಪಿನ ವ್ಯಾಯಾಮವೇ ಹೆಚ್ಚು ರಕ್ಷಣೆ ಕೊಡುವಂತೆ ಅವರಿಗೆ ಕಂಡಿತು ಎಂಬುದನ್ನೂ, ನನ್ನ ವಾದಕ್ಕೆ ಅನುಕೂಲವಲ್ಲದಿದ್ದರೂ, ಇಲ್ಲಿ ಸೇರಿಸಬೇಕು.

ಇನ್ನೊಂದು ಮಾತು. ತಬಾಟಾ ಎಂಬ ಹೆಸರಿನಲ್ಲಿ ಇಂದು ವ್ಯಾಯಾಮಶಾಲೆಗಳಲ್ಲಿ ನಡೆಯುವ ಬಹುತೇಕ ತರಗತಿಗಳು ಆ ಪ್ರಯೋಗದ ತೀವ್ರತೆಯ ಹತ್ತಿರಕ್ಕೂ ಹೋಗುವುದಿಲ್ಲ. ಅಲ್ಲಿ ತುಳಿದದ್ದು ವಿಓ2 ಮ್ಯಾಕ್ಸ್ ತಲುಪಲು ಬೇಕಾದ ಶ್ರಮದ 170 ಪ್ರತಿಶತದಷ್ಟು. ಏಳೆಂಟು ಸುತ್ತುಗಳಲ್ಲಿ ತರುಣ ಕ್ರೀಡಾಪಟುಗಳೇ ಮುಂದೆ ತುಳಿಯಲಾರದಷ್ಟು ದಣಿಯುತ್ತಿದ್ದರು. ಅದನ್ನು ನಾಲ್ಕು ನಿಮಿಷದ ಸುಲಭ ಉಪಾಯವೆಂದು ಪ್ರಚಾರ ಮಾಡುವುದನ್ನು ನೋಡಿದರೆ ನನಗೆ ಬೇಸರವಾಗುತ್ತದೆ, ಏಕೆಂದರೆ ಅದನ್ನು ನಂಬಿ ಆರಂಭಿಸಿದವರು ತಮ್ಮಿಂದ ಇದು ಸಾಧ್ಯವಿಲ್ಲವೆಂದು ವ್ಯಾಯಾಮವನ್ನೇ ಬಿಟ್ಟುಬಿಡುತ್ತಾರೆ. ಇಂಟರ್ವಲ್ ಪದ್ಧತಿಯನ್ನು ಹೊಸ ಆವಿಷ್ಕಾರವೆನ್ನುವುದೂ ಸರಿಯಲ್ಲ. 1930ರ ದಶಕದಲ್ಲೇ ಜರ್ಮನಿಯಲ್ಲಿ ತರಬೇತುದಾರ ವಾಲ್ಡೆಮಾರ್ ಗೆರ್ಶ್ಲರ್ ಅದನ್ನು ಕ್ರಮಬದ್ಧಗೊಳಿಸಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್, 10,000 ಮೀಟರ್ ಮತ್ತು ಮ್ಯಾರಥಾನ್ ಮೂರನ್ನೂ ಗೆದ್ದ ಎಮಿಲ್ ಝಾಟೊಪೆಕ್ 400 ಮೀಟರ್ ಓಟಗಳನ್ನು ಮತ್ತೆ ಮತ್ತೆ ಓಡಿಯೇ ಸಿದ್ಧರಾದವರು. ಆದರೆ ಇಂದಿನ ಶ್ರೇಷ್ಠ ದೂರ ಓಟಗಾರರ ತರಬೇತಿಯನ್ನು ಪರಿಶೀಲಿಸಿದ ಸ್ಟೀಫನ್ ಸೈಲರ್ ಅವರಿಗೆ ಕಂಡದ್ದೇನೆಂದರೆ, ಅವರ ಅಭ್ಯಾಸದ ಸುಮಾರು 80 ಪ್ರತಿಶತ ನಿರಾಯಾಸವಾಗಿ ಮಾತನಾಡಬಲ್ಲಷ್ಟು ನಿಧಾನಗತಿಯದ್ದೇ ಆಗಿರುತ್ತದೆ.

ಹೆಚ್ಚು ಮಾಡಿದಷ್ಟೂ ಹೆಚ್ಚು ಒಳ್ಳೆಯದೆಂದೂ ನಾನು ಹೇಳುವುದಿಲ್ಲ. ಸ್ವೀಡನ್ನಿನ 90 ಕಿಲೋಮೀಟರ್ ದೂರದ ವಾಸಾಲೊಪೆಟ್ ಸ್ಕೀ ಸ್ಪರ್ಧೆಯನ್ನು ಪೂರೈಸಿದ ಐವತ್ತು ಸಾವಿರಕ್ಕೂ ಹೆಚ್ಚು ಮಂದಿಯ ಅಧ್ಯಯನದಲ್ಲಿ, ಹೆಚ್ಚು ಬಾರಿ ಭಾಗವಹಿಸಿದವರಲ್ಲಿ ಮತ್ತು ಹೆಚ್ಚು ವೇಗವಾಗಿ ಮುಗಿಸಿದವರಲ್ಲಿ ಹೃದಯದ ಲಯ ತಪ್ಪುವ ತೊಂದರೆ ಅಧಿಕವಾಗಿ ಕಂಡಿತು. ಆದರೆ ಮುಕ್ಕಾಲು ಗಂಟೆ ನಡೆಯುವವರು ಆ ಮಟ್ಟದಿಂದ ಬಹು ದೂರದಲ್ಲಿದ್ದಾರೆ. ನಿಮ್ಮ ನಡಿಗೆಯನ್ನು ದಯವಿಟ್ಟು ಬಿಡಬೇಡಿ.

ಮೂರನೆಯ ಉತ್ತರ

ನಾನು ಹೃದ್ರೋಗಿಗಳ ಪುನಶ್ಚೇತನ ವಿಭಾಗದಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೇನೆ. ಸುರಕ್ಷತೆಯ ಬಗೆಗಿನ ನಿಮ್ಮ ಪ್ರಶ್ನೆಗೆ ಇದುವರೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಅಷ್ಟನ್ನೇ ಬರೆಯುತ್ತೇನೆ.

ನಿಮ್ಮ ಮನೆಯ ಹಿರಿಯರ ಆತಂಕ ನಿರಾಧಾರವಲ್ಲ. ಹಠಾತ್ತನೆ ಭಾರೀ ಶ್ರಮಕ್ಕೆ ಇಳಿದಾಗ ಆ ಹೊತ್ತಿನಲ್ಲಿ ಹೃದಯಾಘಾತದ ಸಂಭವ ಏರುತ್ತದೆ. ಆದರೆ ಎಷ್ಟು ಏರುತ್ತದೆ ಎಂಬುದು ಆ ವ್ಯಕ್ತಿಯ ರೂಢಿಯನ್ನು ಅವಲಂಬಿಸಿದೆ. 1993ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಶ್ರಮದ ಅಭ್ಯಾಸವೇ ಇಲ್ಲದವರಲ್ಲಿ ಈ ತಾತ್ಕಾಲಿಕ ಅಪಾಯ ನೂರು ಪಟ್ಟಿಗೂ ಹೆಚ್ಚು ಏರಿತು. ವಾರಕ್ಕೆ ಐದು ಅಥವಾ ಹೆಚ್ಚು ಬಾರಿ ಶ್ರಮದ ವ್ಯಾಯಾಮ ಮಾಡುವವರಲ್ಲಿ ಕೇವಲ ಎರಡೂವರೆ ಪಟ್ಟಿನಷ್ಟು. ಮೂಲ ಅಪಾಯ ಬಹಳ ಸಣ್ಣದಾಗಿರುವುದರಿಂದ ನೂರು ಪಟ್ಟು ಎಂಬ ಮಾತಿಗೆ ಬೆಚ್ಚಬೇಕಾಗಿಲ್ಲ. ಆದರೆ ವರ್ಷಗಟ್ಟಲೆ ಕುಳಿತೇ ಇದ್ದವರು ಒಂದು ಬೆಳಿಗ್ಗೆ ಎದ್ದು ಪೂರ್ಣಶಕ್ತಿಯಲ್ಲಿ ಓಡಬಾರದು ಎಂಬುದು ಇದರಿಂದ ಸ್ಪಷ್ಟ. ನಿಮ್ಮ ದಿನನಿತ್ಯದ ನಡಿಗೆ ನಿಮ್ಮನ್ನು ಈಗಾಗಲೇ ಸುರಕ್ಷಿತವಾದ ಗುಂಪಿನ ಕಡೆಗೆ ತಂದಿದೆ.

ನಾರ್ವೆಯ ಮೂರು ಹೃದ್ರೋಗ ಪುನಶ್ಚೇತನ ಕೇಂದ್ರಗಳಲ್ಲಿ 4,846 ರೋಗಿಗಳ ತರಬೇತಿಯನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮಧ್ಯಮ ವ್ಯಾಯಾಮದ 1,29,456 ಗಂಟೆಗಳಲ್ಲಿ ಒಮ್ಮೆ, ತೀವ್ರ ವ್ಯಾಯಾಮದ 46,364 ಗಂಟೆಗಳಲ್ಲಿ ಎರಡು ಬಾರಿ ಹೃದಯಸ್ತಂಭನ ಸಂಭವಿಸಿತ್ತು. ತೀವ್ರ ವ್ಯಾಯಾಮದ ವೇಳೆ ಸಂಭವಿಸಿದ ಎರಡರಲ್ಲೂ ರೋಗಿಗಳು ಬದುಕುಳಿದರು. ಹೃದ್ರೋಗ ಇದ್ದವರಲ್ಲೇ ಪ್ರಮಾಣ ಇಷ್ಟು ಕಡಿಮೆ. ಆದರೆ ಅದು ತರಬೇತಾದವರ ಕಣ್ಗಾವಲಿನಲ್ಲಿ ನಡೆದ ವ್ಯಾಯಾಮ ಎಂಬುದನ್ನು ನೆನಪಿಡಬೇಕು.

ತೀವ್ರ ವ್ಯಾಯಾಮದ ಹಿರಿಮೆಯ ಬಗ್ಗೆ ನಮ್ಮ ಕ್ಷೇತ್ರದಲ್ಲೂ ಒಮ್ಮೆ ಬಹಳ ಉತ್ಸಾಹವಿತ್ತು. 2007ರಲ್ಲಿ ನಾರ್ವೆಯಲ್ಲಿ ಹೃದಯ ವೈಫಲ್ಯದ 27 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಇಂಟರ್ವಲ್ ಗುಂಪಿನ ಆಮ್ಲಜನಕ ಸಾಮರ್ಥ್ಯ 46 ಪ್ರತಿಶತ, ಮಧ್ಯಮ ವ್ಯಾಯಾಮದ ಗುಂಪಿನದು 14 ಪ್ರತಿಶತ ಏರಿದ್ದು ಅದಕ್ಕೆ ಕಾರಣ. ಅದನ್ನೇ ಯುರೋಪಿನ ಒಂಬತ್ತು ಕೇಂದ್ರಗಳಲ್ಲಿ 261 ರೋಗಿಗಳ ಮೇಲೆ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದಾಗ ಆ ಮೇಲುಗೈ ಉಳಿಯಲಿಲ್ಲ. ತೀವ್ರ ಗುಂಪಿನ ಅರ್ಧದಷ್ಟು ಜನ ಸೂಚಿಸಿದ ತೀವ್ರತೆಯನ್ನು ಮುಟ್ಟಲಿಲ್ಲ, ಮಧ್ಯಮ ಗುಂಪಿನ ಬಹುಪಾಲು ಜನ ಸೂಚಿಸಿದ್ದಕ್ಕಿಂತ ಹೆಚ್ಚು ಶ್ರಮಿಸಿದರು. ಕಾಗದದ ಮೇಲೆ ಎರಡಾಗಿದ್ದ ವ್ಯಾಯಾಮಗಳು ಮೈದಾನದಲ್ಲಿ ಒಂದರ ಹತ್ತಿರ ಒಂದು ಬಂದುಬಿಟ್ಟವು. ನನ್ನ ದೃಷ್ಟಿಯಲ್ಲಿ ಈ ಇಡೀ ಚರ್ಚೆಯ ಅತ್ಯಂತ ಉಪಯುಕ್ತ ಪಾಠ ಇಲ್ಲಿದೆ.

ಸಾವಿನ ಪ್ರಮಾಣವನ್ನೇ ನೇರವಾಗಿ ಅಳೆದ ಪ್ರಯೋಗವೂ ಒಂದಿದೆ. ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ 70ರಿಂದ 77 ವಯಸ್ಸಿನ 1,567 ಮಂದಿಯನ್ನು ಐದು ವರ್ಷ ಅನುಸರಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಐದು ವರ್ಷಗಳಲ್ಲಿ ತೀರಿಕೊಂಡವರು ತೀವ್ರ ಗುಂಪಿನಲ್ಲಿ 3 ಪ್ರತಿಶತ, ಮಧ್ಯಮ ಗುಂಪಿನಲ್ಲಿ 5.9 ಪ್ರತಿಶತ, ಸಾಮಾನ್ಯ ಸಲಹೆಯಂತೆ ಬಹುತೇಕ ಪ್ರತಿದಿನ ಅರ್ಧ ಗಂಟೆ ಚಟುವಟಿಕೆಯಿಂದಿರಲು ಸೂಚಿಸಲಾಗಿದ್ದ ಗುಂಪಿನಲ್ಲಿ 4.7 ಪ್ರತಿಶತ. ಈ ಅಂತರ ಆಕಸ್ಮಿಕವಲ್ಲವೆಂದು ಹೇಳುವಷ್ಟು ದೊಡ್ಡದಾಗಿರಲಿಲ್ಲ. ತೀವ್ರ ವ್ಯಾಯಾಮ ಹಿರಿಯರಿಗೆ ಹಾನಿ ಮಾಡಲಿಲ್ಲವೆಂದು ಧೈರ್ಯವಾಗಿ ಹೇಳಬಹುದು. ಅದು ಆಯುಷ್ಯವನ್ನು ಹೆಚ್ಚಿಸಿತೆಂದು ಹೇಳಲಾಗದು.

ನಿಮಗೆ ನನ್ನ ಸೂಚನೆ ಇಷ್ಟು. ತೀವ್ರ ಸುತ್ತುಗಳನ್ನು ಆರಂಭಿಸುವ ಮುನ್ನ ವೈದ್ಯರನ್ನು ಕಂಡು ರಕ್ತದೊತ್ತಡವನ್ನು ಸರಿಯಾಗಿ ಪರೀಕ್ಷಿಸಿಕೊಳ್ಳಿ, ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾದವರು ಇದ್ದರೆ ಅದನ್ನು ತಪ್ಪದೆ ಹೇಳಿ. ಶ್ರಮದ ವೇಳೆ ಎದೆಯಲ್ಲಿ ಬಿಗಿತ, ದವಡೆಗೋ ತೋಳಿಗೋ ಹರಡುವ ನೋವು, ತಲೆ ಸುತ್ತು, ಶ್ರಮಕ್ಕೆ ತಾಳೆಯಾಗದಷ್ಟು ಉಸಿರುಕಟ್ಟುವಿಕೆ ಕಂಡರೆ ಅಲ್ಲಿಗೇ ನಿಲ್ಲಿಸಿ, ಆ ದಿನವೇ ವೈದ್ಯಕೀಯ ನೆರವು ಪಡೆಯಿರಿ. ಉಸಿರು ಬಿಗಿಹಿಡಿದು ಶ್ರಮಿಸುವುದು ರಕ್ತದೊತ್ತಡವನ್ನು ಒಮ್ಮೆಲೇ ಏರಿಸುತ್ತದೆ, ಅದು ಬೇಡ. ಸುತ್ತುಗಳು ಮುಗಿದೊಡನೆ ಥಟ್ಟನೆ ನಿಂತುಬಿಡುವುದೂ ಬೇಡ. ರಕ್ತ ಕಾಲುಗಳಲ್ಲಿ ಉಳಿದು ತಲೆ ತಿರುಗಬಹುದು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಡಿಗೆಯನ್ನು ಬಿಡುವ ಯೋಚನೆಯನ್ನು ಕೈಬಿಟ್ಟಿದ್ದೇನೆ. ವೈದ್ಯರನ್ನು ಕಂಡ ಬಳಿಕ ವಾರದಲ್ಲಿ ಒಂದೆರಡು ದಿನ ತೀವ್ರ ಸುತ್ತುಗಳನ್ನು ಸೇರಿಸುವ ಮನಸ್ಸಿದೆ. ಆದರೆ ತೀವ್ರತೆ ಸರಿಯಾಗಿದೆಯೆಂದು ಯಂತ್ರಗಳಿಲ್ಲದೆ ತಿಳಿಯುವುದು ಹೇಗೆ? ಓಡಿದ ಮರುದಿನ ನನ್ನ ಮಂಡಿಗಳು ಸ್ವಲ್ಪ ನೋಯುತ್ತವೆ, ಅದಕ್ಕೇನಾದರೂ ಪರ್ಯಾಯವಿದೆಯೇ? ತೀವ್ರ ವ್ಯಾಯಾಮದ ನಂತರ ಗಂಟೆಗಟ್ಟಲೆ ಕೊಬ್ಬು ಕರಗುತ್ತಲೇ ಇರುತ್ತದೆ ಎಂಬ ಮಾತೂ ನಿಜವೇ?

ಮೊದಲ ಉತ್ತರ ಬರೆದವರಿಂದ

ಕೊನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ವ್ಯಾಯಾಮ ಮುಗಿದ ಮೇಲೂ ದೇಹ ಸ್ವಲ್ಪ ಹೊತ್ತು ಹೆಚ್ಚು ಆಮ್ಲಜನಕ ಬಳಸುತ್ತದೆ ಎಂಬುದು ನಿಜ, ಆದರೆ ಆ ಹೆಚ್ಚುವರಿ ಖರ್ಚು ವ್ಯಾಯಾಮದ ಒಟ್ಟು ಖರ್ಚಿನ ಒಂದು ಸಣ್ಣ ಭಾಗ ಮಾತ್ರ. ಎರಡೂ ಬಗೆಯ ವ್ಯಾಯಾಮಗಳನ್ನು ಹೋಲಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕೊಬ್ಬು ಇಳಿಯುವುದರಲ್ಲಿ ಗಮನಾರ್ಹ ವ್ಯತ್ಯಾಸ ಕಂಡಿಲ್ಲ. ತೂಕದ ಲೆಕ್ಕಾಚಾರದಲ್ಲಿ ಆಹಾರದ ಪಾಲೇ ದೊಡ್ಡದು.

ತೀವ್ರತೆಯನ್ನು ಅಳೆಯಲು ಮಾತಿನ ಪರೀಕ್ಷೆಯೇ ಸಾಕು. ಪೂರ್ಣ ವಾಕ್ಯಗಳಲ್ಲಿ ಮಾತನಾಡಬಹುದು ಆದರೆ ಹಾಡಲಾಗದು ಎಂದಾದರೆ ಅದು ಮಧ್ಯಮ. ಮೂರು ನಾಲ್ಕು ಪದಗಳಾದೊಡನೆ ಉಸಿರೆಳೆಯಲು ನಿಲ್ಲಬೇಕಾದರೆ ಅದು ತೀವ್ರ. ನಾಡಿಬಡಿತವನ್ನೇ ನೆಚ್ಚುವವರು 220ರಿಂದ ವಯಸ್ಸನ್ನು ಕಳೆದು ಗರಿಷ್ಠ ಬಡಿತವನ್ನು ಲೆಕ್ಕಹಾಕುತ್ತಾರೆ. ಅದು ಸರಾಸರಿಯ ಸೂತ್ರ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತಗಳಷ್ಟು ಹೆಚ್ಚು ಕಡಿಮೆಯಾಗುವುದು ತೀರಾ ಸಾಮಾನ್ಯ. ಮುಂದೆಂದಾದರೂ ವೈದ್ಯರು ನಿಮಗೆ ಬೀಟಾ ಬ್ಲಾಕರ್ ಗುಂಪಿನ ಔಷಧ ಕೊಟ್ಟರೆ ಆ ಲೆಕ್ಕ ಸಂಪೂರ್ಣ ತಪ್ಪುತ್ತದೆ, ಏಕೆಂದರೆ ಆ ಔಷಧಗಳು ನಾಡಿಬಡಿತವನ್ನೇ ತಗ್ಗಿಸುತ್ತವೆ. ಉಸಿರಿನ ಪರೀಕ್ಷೆ ಆಗಲೂ ನಂಬಿಕೆಗೆ ಅರ್ಹ.

ನಿಮಗೆ ಪೂರ್ಣಶಕ್ತಿಯ ಇಪ್ಪತ್ತು ಸೆಕೆಂಡುಗಳ ಪದ್ಧತಿಯನ್ನು ನಾನು ಸೂಚಿಸುವುದಿಲ್ಲ. ಅದರ ಬದಲು ಟ್ರಾಂಡ್‌ಹೈಮ್‌ನ ಸಂಶೋಧಕರು ಬೆಳೆಸಿದ ನಾಲ್ಕು ನಿಮಿಷಗಳ ನಾಲ್ಕು ಸುತ್ತುಗಳ ಕ್ರಮ ನಿಮಗೆ ಒಗ್ಗುತ್ತದೆ. ಹತ್ತು ನಿಮಿಷ ನಡೆದು ಮೈ ಬಿಸಿಮಾಡಿಕೊಂಡು, ನಾಲ್ಕು ನಿಮಿಷ ಗರಿಷ್ಠ ಬಡಿತದ 90 ಪ್ರತಿಶತದ ಆಸುಪಾಸಿನಲ್ಲಿ ಶ್ರಮಿಸಿ, ಮೂರು ನಿಮಿಷ ನಿಲ್ಲದೆ ನಿಧಾನವಾಗಿ ನಡೆದು, ಇದನ್ನೇ ಒಟ್ಟು ನಾಲ್ಕು ಬಾರಿ ಮಾಡುವುದು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಈ ಕ್ರಮದಿಂದ ಎಂಟು ವಾರಗಳಲ್ಲಿ ವಿಓ2 ಮ್ಯಾಕ್ಸ್ ಸುಮಾರು 7 ಪ್ರತಿಶತ ಏರಿತು, ಹೃದಯ ಪ್ರತಿ ಬಡಿತಕ್ಕೆ ಹೊರದೂಡುವ ರಕ್ತದ ಪ್ರಮಾಣವೂ ಹೆಚ್ಚಿತು. ಸುತ್ತಿನ ಮೊದಲ ನಿಮಿಷದಲ್ಲೇ ಏದುಸಿರು ಬಂದರೆ ವೇಗ ಹೆಚ್ಚಾಯಿತೆಂದು ತಿಳಿಯಿರಿ. ನಾಲ್ಕನೆಯ ನಿಮಿಷ ಮುಗಿದಾಗ, ಬೇಕಾದರೆ ಇನ್ನೊಂದು ನಿಮಿಷ ಇದೇ ಗತಿಯಲ್ಲಿ ಮುಂದುವರಿಯಬಲ್ಲೆ ಎನ್ನಿಸಬೇಕು. ಮೊದಲ ಕೆಲವು ವಾರ ಎರಡೇ ಸುತ್ತು ಸಾಕು.

ಮಂಡಿಯ ವಿಷಯದಲ್ಲಿ ಚಿಂತೆ ಬೇಡ, ಏಕೆಂದರೆ ಹೃದಯಕ್ಕೆ ಬೇಕಾದದ್ದು ಶ್ರಮ, ಓಟವೇ ಆಗಬೇಕೆಂದಿಲ್ಲ. ಏರುದಾರಿಯಲ್ಲಿ ಬಿರುಸಾಗಿ ನಡೆಯುವುದು ನಿಮ್ಮಂಥವರಿಗೆ ಅತ್ಯುತ್ತಮ. ವೇಗ ಕಡಿಮೆಯಿದ್ದರೂ ಉಸಿರು ತೀವ್ರ ಮಟ್ಟಕ್ಕೆ ಏರುತ್ತದೆ, ಕೀಲುಗಳ ಮೇಲೆ ಓಟದ ಬಡಿತ ಬೀಳುವುದಿಲ್ಲ. ಇಳಿಯುವಾಗ ಮಾತ್ರ ಮೆಲ್ಲನೆ ಇಳಿಯಿರಿ, ಮಂಡಿಗೆ ಹೊರೆಯಾಗುವುದು ಇಳಿಜಾರೇ. ಸೈಕಲ್ ಮತ್ತು ಈಜು ಕೂಡ ಆಗುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಅಥವಾ 75ರಿಂದ 150 ನಿಮಿಷ ತೀವ್ರ ಚಟುವಟಿಕೆಯನ್ನು, ಅಥವಾ ಎರಡರ ಮಿಶ್ರಣವನ್ನು ಸೂಚಿಸುತ್ತದೆ. ನೀವು ಪ್ರತಿದಿನ ಮುಕ್ಕಾಲು ಗಂಟೆ ನಡೆಯುವವರಾದರೆ ಈಗಾಗಲೇ ಅದರ ಮೇಲಿನ ಮಿತಿಯನ್ನು ಮುಟ್ಟಿದ್ದೀರಿ. ಒಮ್ಮೆಗೆ ಕನಿಷ್ಠ ಹತ್ತು ನಿಮಿಷ ಇರಬೇಕೆಂಬ ಹಿಂದಿನ ನಿಯಮವನ್ನೂ ಅದು ಕೈಬಿಟ್ಟಿದೆ. ಇದು ಕುಳಿತು ಕೆಲಸ ಮಾಡುವವರಿಗೆ ಮುಖ್ಯವಾದ ಬದಲಾವಣೆ. ಬ್ರಿಟನ್ನಿನಲ್ಲಿ ವ್ಯಾಯಾಮ ಮಾಡದ ಸುಮಾರು 25,000 ಮಂದಿಯ ಮಣಿಕಟ್ಟಿಗೆ ಕಟ್ಟಿದ ಮಾಪಕಗಳ ದಾಖಲೆಯನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೆಟ್ಟಿಲು ಬೇಗ ಬೇಗ ಹತ್ತುವಂತಹ ಒಂದೆರಡು ನಿಮಿಷಗಳ ಶ್ರಮವು ದಿನಕ್ಕೆ ಮೂರು ಬಾರಿ ಇದ್ದವರಲ್ಲಿ ಸಾವಿನ ಪ್ರಮಾಣ ಸುಮಾರು 40 ಪ್ರತಿಶತ ಕಡಿಮೆಯಿತ್ತು. ಅದು ಗಮನಿಸಿ ಬರೆದ ಅಧ್ಯಯನ, ಪ್ರಯೋಗವಲ್ಲ. ಆರೋಗ್ಯವಂತರೇ ಮೆಟ್ಟಿಲು ಬೇಗ ಹತ್ತುತ್ತಾರೆ ಎಂಬ ಸಾಧ್ಯತೆಯೂ ಅದರಲ್ಲಿ ಇದೆ. ಆದರೂ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯುವುದಕ್ಕೆ ನನಗೆ ಅಷ್ಟು ಆಧಾರ ಸಾಕು.

ಅದೇ ಮಾರ್ಗಸೂಚಿಯಲ್ಲಿ, ವಾರಕ್ಕೆ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನೂ ಮಾಡಬೇಕೆಂದಿದೆ. ನಿಮ್ಮ ದಿನಚರಿಯಲ್ಲಿ ನಿಜವಾಗಿ ಕಾಣೆಯಾಗಿರುವುದು ಬಹುಶಃ ಅದು, ಮತ್ತು ತೊಡೆಯ ಸ್ನಾಯುಗಳು ಗಟ್ಟಿಯಾದರೆ ಮಂಡಿಗೂ ಆಸರೆ. ನನ್ನ ಸಲಹೆಯೆಂದರೆ ನಡಿಗೆಯ ಎರಡು ದಿನಗಳನ್ನು ತೀವ್ರ ಸುತ್ತುಗಳಿಗೆ ಮೀಸಲಿಡಿ, ಅವುಗಳ ನಡುವೆ ಕನಿಷ್ಠ ಒಂದು ದಿನದ ಅಂತರವಿರಲಿ, ಉಳಿದ ದಿನಗಳಲ್ಲಿ ಎಂದಿನಂತೆ ನಡೆಯಿರಿ. ಜ್ವರ ಬಂದ ವಾರದಲ್ಲಿ ತೀವ್ರ ಸುತ್ತುಗಳನ್ನು ಪೂರ್ತಿಯಾಗಿ ಬಿಟ್ಟುಬಿಡಿ. ಗುಣವಾದ ಮೇಲೆ ಮೊದಲು ನಡಿಗೆಯನ್ನು ಆರಂಭಿಸಿ, ಅದು ಹಿಂದಿನಷ್ಟೇ ಸರಾಗವಾದ ನಂತರ ಎರಡು ಸುತ್ತುಗಳಿಂದ ಮತ್ತೆ ಮುಂದುವರಿಸಿ.